ಗಾಳಿಯಲ್ಲಿ ಒಂದು ಪುಟ್ಟ ಕೈ

ಹುಟ್ಟುವ ಮೊದಲೇ ಮಗುವಿನ ಕೈ ಹಿಡಿಯಬಹುದು ಎಂದರೆ ಯಾವ ತಾಯಿ ಬೇಡ ಎಂದಾಳು? ಈ ಒಂದು ಪ್ರಶ್ನೆಯನ್ನು ನಂಬಿಕೊಂಡು ನಾನು ಕಾಲೇಜಿನ ಕೆಲಸ ಬಿಟ್ಟೆ. ಹುಬ್ಬಳ್ಳಿಯಲ್ಲಿ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ 'ಕೈಗೂಸು' ಎಂದು ದೊಡ್ಡ ಬೋರ್ಡು ಹಾಕಿಸಿದೆ. ಅದರ ಕೆಳಗೆ ಇನ್ನೊಂದು ಸಣ್ಣ ಬೋರ್ಡು ಇತ್ತು: 'ಇದು ವೈದ್ಯಕೀಯ ಪರೀಕ್ಷೆಯಲ್ಲ. ಇಲ್ಲಿ ಗಂಡು ಹೆಣ್ಣು ಹೇಳುವುದಿಲ್ಲ.' ದೊಡ್ಡದನ್ನು ಎಲ್ಲರೂ ಓದುತ್ತಿದ್ದರು. ಸಣ್ಣದನ್ನು ಓದಿದವರನ್ನು ನಾನು ಕಂಡಿದ್ದು ಕಡಿಮೆ.

ನನ್ನ ಹೆಸರು ವತ್ಸಲಾ ಮುಧೋಳ. ಹೆಸರಿನ ಹಿಂದೆ ಡಾಕ್ಟರ್ ಎಂದಿದೆ, ಆದರೆ ನಾನು ಶಬ್ದದ ಡಾಕ್ಟರು. ನೆಗಡಿಗೆ ಮಾತ್ರೆ ಕೇಳಿದರೂ ಕೆಳಗಿನ ಅಂಗಡಿಗೇ ಕಳಿಸುತ್ತೇನೆ.

ಸ್ಕ್ಯಾನಿಂಗ್ ಎಂದರೆ ಎಲ್ಲರಿಗೂ ಗೊತ್ತು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಹೊಟ್ಟೆಯೊಳಗೆ ಕಳಿಸಿ, ಅದು ಮಗುವಿಗೆ ತಾಗಿ ಮರಳಿ ಬಂದಾಗ ಆ ಮರುದನಿಯಿಂದ ಚಿತ್ರ ಬರೆಯುವುದು. ಅದೇ ಜಾತಿಯ ಶಬ್ದವನ್ನು ಗಾಳಿಯಲ್ಲಿ ಒಂದೇ ಕಡೆ ಒಟ್ಟುಗೂಡಿಸಿದರೆ ಗಾಳಿ ನಮ್ಮ ಚರ್ಮವನ್ನು ಒತ್ತುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ನಾನು ಮಾಡಿದ್ದು ಇವೆರಡನ್ನು ಜೋಡಿಸುವ ಕೆಲಸ. ಬಸುರಿಯ ಹೊಟ್ಟೆಗೆ ಮೆತ್ತನೆಯ ಪಟ್ಟಿ ಸುತ್ತುತ್ತೇವೆ. ಅವಳ ಪಕ್ಕದಲ್ಲಿ ರೊಟ್ಟಿ ಹಿಟ್ಟು ನಾದುವ ಪರಾತದಷ್ಟು ಅಗಲದ ಒಂದು ತಟ್ಟೆ, ಅದರ ತುಂಬ ಗುಂಡಿಯಷ್ಟು ಚಿಕ್ಕ ಸ್ಪೀಕರುಗಳು. ನಾವು ಅದನ್ನು ಪರಾತ ಎಂದೇ ಕರೆಯುತ್ತಿದ್ದೆವು. ಪಟ್ಟಿಗೆ ಸಿಕ್ಕ ಮರುದನಿಯನ್ನು ಪರಾತ ಗಾಳಿಯಲ್ಲಿ ಆಕಾರವಾಗಿ ನಿಲ್ಲಿಸುತ್ತದೆ. ಅದರ ಮೇಲೆ ಕೈ ಹಿಡಿದರೆ ಕಣ್ಣಿಗೆ ಏನೂ ಕಾಣದು, ಅಂಗೈಗೆ ಮಾತ್ರ ಮಗು ಸಿಗುತ್ತದೆ. ಪುಟ್ಟ ಹಣೆ, ಮೂಗು, ಐದು ಬೆರಳು. ಎದೆಯಿಂದ ಕೆಳಗಿನದು ಯಂತ್ರಕ್ಕೇ ತಿಳಿಯದಂತೆ ಮಾಡಿಟ್ಟಿದ್ದೆ. ನಮ್ಮ ಊರುಗಳಲ್ಲಿ ಅದು ತಿಳಿಯದಿರುವುದೇ ಮಗುವಿಗೆ ಕ್ಷೇಮ.

ಬರುವವರ ಮುಂದೆ ನಾನೊಂದು ನೇಮ ಪಾಲಿಸುತ್ತಿದ್ದೆ. ಪ್ಲಾಸ್ಟರಿನ ಗೊಂಬೆಯ ಕೈ ಇಟ್ಟು ಯಂತ್ರ ಪರೀಕ್ಷಿಸಿದ್ದು ಬಿಟ್ಟರೆ, ಯಾರ ಮಗುವಿನ ಮೇಲೂ ನಾನು ಕೈ ಇಟ್ಟಿದ್ದಿಲ್ಲ. ಮೊದಲ ಮುಟ್ಟು ತಾಯಿಯದು. ನಾನು ಗಾಜಿನ ಆಚೆಗಿನ ಗೂಡಿನಂಥ ಕಂಟ್ರೋಲ್ ರೂಮಿನಲ್ಲಿ ಕೂತು ಅವರ ಮುಖ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಪುಕ್ಕಟೆ ಸ್ಕ್ಯಾನಿಂಗ್ ಇರುವಾಗ ಇಲ್ಲಿಗೆ ದುಡ್ಡು ಕೊಟ್ಟು ಯಾಕೆ ಬರುತ್ತಾರೆ ಎಂದು ಗೆಳೆಯರು ಕೇಳುತ್ತಿದ್ದರು. ಆಸ್ಪತ್ರೆಯ ತೆರೆ ಡಾಕ್ಟರ ಕಡೆಗೆ ತಿರುಗಿರುತ್ತದೆ. ಹೊರಗೆ ಬಾಗಿಲ ತನಕ ಪಾಳಿ. ಡಾಕ್ಟರು 'ಚಲೋ ಐತಿ, ಏಳವ್ವಾ' ಅನ್ನುವಷ್ಟರಲ್ಲಿ ಮುಂದಿನವಳು ಸೆರಗು ಸರಿಮಾಡುತ್ತ ಬಂದು ನಿಂತಿರುತ್ತಾಳೆ. ಅದು ಡಾಕ್ಟರ ತಪ್ಪೂ ಅಲ್ಲ. ಆದರೆ ಒಂಬತ್ತು ತಿಂಗಳು ಹೊತ್ತವಳಿಗೆ ಒಂದು ಗಳಿಗೆ ಸಾಲುತ್ತದೆಯೇ? ಅವರು ಇನ್ನಷ್ಟು ಹೊತ್ತಿಗಾಗಿ ಬರುತ್ತಿದ್ದರು. ಹೀಗೆಂದುಕೊಂಡು ನಾನು ಎಲ್ಲ ತಿಳಿದವಳಂತೆ ಕೂತಿದ್ದೆ, ದಾನಮ್ಮ ಬರುವ ತನಕ.

ದಾನಮ್ಮ ಊರ ಸಿಟಿ ಬಸ್ಸಿನ ಕಂಡಕ್ಟರ್. ಆರು ತಿಂಗಳ ಹೊಟ್ಟೆ ಹೊತ್ತು ಅತ್ತೆಯ ಜೊತೆ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು, "ಒಳಗ ಸರೀರಿ ಅತ್ತಿ, ಬಾಗಲದಾಗ ನಿಂದರಬ್ಯಾಡ್ರಿ," ಎಂದಳು. ಅತ್ತೆ ಶಿವಗಂಗವ್ವ ಗೊಣಗುತ್ತ ಒಳಗೆ ಸರಿದರು.

"ಅಕ್ಕಾರ, ನಿಮ್ಮ ಮಷಿನ್ನು ಗಂಡೋ ಹೆಣ್ಣೋ ಹೇಳತೈತೇನ್ರಿ?" ಕೂತ ಕೂಡಲೇ ಶಿವಗಂಗವ್ವನವರ ಪ್ರಶ್ನೆ.

"ಮಷಿನ್ನಿಗೂ ಗೊತ್ತಿಲ್ರಿ, ನನಗೂ ಗೊತ್ತಿಲ್ಲ."

"ಹಂಗಾರ ಎಂಥಾ ಮಷಿನ್ನರೀ ಇದು!"

ದಾನಮ್ಮ ನಗಲಿಲ್ಲ. ಪಟ್ಟಿ ಸುತ್ತುವಾಗ ಸಣ್ಣ ದನಿಯಲ್ಲಿ ನನಗಷ್ಟೇ ಹೇಳಿದಳು. "ಮೊದಲನೇದು ಎಂಟನೇ ತಿಂಗಳದಾಗ ಹೋತ್ರಿ. ಆಡೋದು ಕಡಿಮಿ ಆಗಿತ್ತು, ನನಗ ತಿಳೀಲಿಲ್ಲ. ಎಚ್ಚರಾದಾಗ ಒಯ್ದು ಮಣ್ಣು ಮಾಡಿ ಬಂದಿದ್ರು. ನೋಡಿದ್ರ ಎದಿ ಒಡಕೋತಾಳ ಅಂತ. ಒಂದ್ಸಲಾನೂ ಕೈ ಹಿಡೀಲಿಲ್ಲರಿ ನಾನು."

"ಬಳೀ ತಗೀರಿ, ಗಾಜಿಗೆ ಶಬ್ದ ಬಡದು ಚದರತೈತಿ," ಎಂದಷ್ಟೇ ಹೇಳಿ ಗೂಡಿಗೆ ಹೋದೆ.

ನನ್ನ ತೆರೆಯ ಮೇಲೆ ಮಗುವಿನ ಕೈ ನೀಲಿಯಲ್ಲಿ ಮೂಡಿತು. ನಿಜವಾಗಿ ಮರಳಿದ ದನಿಗೆ ನೀಲಿ ಬಣ್ಣ. ಅಲ್ಲಲ್ಲಿ ದನಿ ಸಿಗದೆ ಹರಿದ ಜಾಗವನ್ನು ಯಂತ್ರ ತಾನೇ ಅಂದಾಜು ಮಾಡಿ ತುಂಬುತ್ತದೆ, ಅದಕ್ಕೆ ಹಳದಿ. ಈ ತುಂಬುವಿಕೆಗೆ ನಾನು ಇಟ್ಟ ಹೆಸರು 'ಊಹೆ'. ಸಾವಿರಾರು ಮಕ್ಕಳ ಆಕಾರವನ್ನೂ, ಇದೇ ಮಗು ಹಿಂದಿನ ಸಲ ಆಡಿದ ರೀತಿಯನ್ನೂ ನೆನಪಿಟ್ಟು ಊಹೆ ಕೆಲಸ ಮಾಡುತ್ತದೆ. ಯಂತ್ರದಲ್ಲಿ ನನಗೆ ತುಂಬ ಹೆಮ್ಮೆಯಿದ್ದ ಭಾಗ ಅದು.

ಒಳಗೆ ಮಗು ತನ್ನ ಹೊಕ್ಕುಳಬಳ್ಳಿಯನ್ನು ಹಿಡಿದು ಆಡುತ್ತಿತ್ತು. ದಾನಮ್ಮ ಪರಾತದ ಮೇಲೆ ತೋರುಬೆರಳು ತಂದು ಸರಿಯಾಗಿ ಆ ಮುಷ್ಟಿಯ ನಡುವೆ ಇಟ್ಟಳು. ಒಂದು ಕ್ಷಣ ಅವಳ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಬಾಯಿ ತೆರೆಯಿತು.

"ಅವ್ವಾ... ಹಿಡದೈತ್ರಿ! ಬಿಡವಲ್ದು ನೋಡ್ರಿ!"

ಶಿವಗಂಗವ್ವ ಎದ್ದು ಬಂದು ಸೊಸೆಯ ಖಾಲಿ ಬೆರಳನ್ನು ನೋಡಿದರು, ಅವಳ ಮುಖ ನೋಡಿದರು, ಗಾಳಿಗೇ ಕೈ ಮುಗಿದರು. ಎಷ್ಟೋ ಸಲ ನೋಡಿದ ದೃಶ್ಯ, ಆದರೂ ನನ್ನ ಮೈ ಜುಮ್ಮೆಂದಿತು. ಮಗು ಹಿಡಿದದ್ದು ಬಳ್ಳಿಯನ್ನು, ಅಮ್ಮನ ಬೆರಳು ಅದಕ್ಕೆ ಗೊತ್ತೇ ಇಲ್ಲ. ಈ ಮಾತನ್ನು ನಾನು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಏಳನೆಯ ತಿಂಗಳಲ್ಲಿ ದಾನಮ್ಮನ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ನನಗೂ ಕರೆ ಬಂತು. ಹಸಿರು ಸೀರೆ ಉಡಿಸಿ, ಕುರ್ಚಿಯ ಮೇಲೆ ಕೂರಿಸಿ, ಬಳೆಗಾರನನ್ನು ಮನೆಗೇ ಕರೆಸಿದ್ದರು. ಆತ ದಾನಮ್ಮನ ಎರಡೂ ಕೈಗೆ ಹಸಿರು ಗಾಜಿನ ಬಳೆಗಳನ್ನು ಒತ್ತೊತ್ತಾಗಿ ಏರಿಸಿದ. ಜೊತೆ ಕೆಲಸದ ಕಂಡಕ್ಟರ್ ಹೆಣ್ಣುಮಕ್ಕಳು ಸುತ್ತ ನಿಂತು, "ಇಷ್ಟು ಬಳೀ ಹಾಕ್ಕೊಂಡು ಇನ್ನ ಟಿಕೆಟ್ ಹೆಂಗ ಹರಿತಾಳ ನೋಡ ನಮ್ಮ ದಾನಿ!" ಎಂದು ಕಾಡಿಸುತ್ತಿದ್ದರು. ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಶಿವಗಂಗವ್ವ ನನ್ನ ಕೈಗೂ ಎರಡು ಬಳೆ ಹಾಕಿಸಿದರು.

"ಕುಬಸದ ಬಳೀರಿ ಅಕ್ಕಾರ. ಕೂಸು ಕೈಗೆ ಬರೋ ತನಕ ತಗಿಯೂ ಹಂಗಿಲ್ಲ. ಮೊದಲನೇ ಸಲ ಇಕಿ ಡ್ಯೂಟಿಗೆ ತೊಡರತಾವಂತ ತಗದಿಟ್ಟಿದ್ಳು." ದಾನಮ್ಮ ತಲೆ ತಗ್ಗಿಸಿ ಬಳೆಗಳನ್ನು ಸವರುತ್ತ ಕೂತಳು.

ಬಳೆಗೂ ಸಾವಿಗೂ ಸಂಬಂಧವಿಲ್ಲ ಎಂದು ವಿಜ್ಞಾನದ ಭಾಷಣ ಮಾಡಲು ನನ್ನ ಬಾಯಿ ತುರಿಸುತ್ತಿತ್ತು. ಹೋಳಿಗೆ ಬಾಯಲ್ಲಿದ್ದದ್ದು ಒಳ್ಳೆಯದಾಯಿತು. ಆ ಮನೆಯಲ್ಲಿ ಆ ಹೊತ್ತಿಗೆ ಅದನ್ನು ಹೇಳುವ ಅಧಿಕಾರ ನನಗಿರಲಿಲ್ಲ.

ಮುಂದಿನ ವಾರ ಅವಳು ಬಂದಾಗ ತೊಂದರೆ ಶುರುವಾಯಿತು. ಬಳೆ ತುಂಬಿದ ಕೈ ಪರಾತದ ಮೇಲೆ ಬಂದೊಡನೆ ಅಲೆಗಳು ಗಾಜಿಗೆ ಬಡಿದು ಚದುರಿ, ಹೊಟ್ಟೆಯ ಪಟ್ಟಿಗೂ ಹೋಗಿ ಮರುದನಿಯನ್ನು ಕಲಸಿಬಿಟ್ಟವು. ತೆರೆಯ ಮೇಲಿನ ಪುಟ್ಟ ಕೈ ಇಲಿ ಕಡಿದ ಬಟ್ಟೆಯಂತಾಯಿತು.

"ಮುಳ್ಳು ಮುಳ್ಳು ಹತ್ತತೈತ್ರಿ," ಎಂದಳು ದಾನಮ್ಮ.

"ಬಳೀ..." ಎಂದು ಬಾಯಿ ತೆರೆದೆ. ಅವಳು ಬಳೆ ತುಂಬಿದ ಕೈಯನ್ನು ಎದೆಗೆ ಅವುಚಿಕೊಂಡಳು. ಬಳೆ ತೆಗೆಸುವುದರ ಬದಲು ಊಹೆಯನ್ನು ಏರಿಸಿದೆ. ಹರಿದದ್ದೆಲ್ಲ ಹಳದಿಯಲ್ಲಿ ತುಂಬಿಕೊಂಡಿತು. ಕೈ ಮತ್ತೆ ನುಣುಪಾಗಿ, ಬೆರಳು ಬೆರಳಾಗಿ ಬಂತು. ದಾನಮ್ಮನ ಮುಖ ಅರಳಿತು, ನನಗೂ ಉಪಕಾರ ಮಾಡಿದ ಸಮಾಧಾನ.

ಅವತ್ತೇ ಇನ್ನೊಂದು ಸಂಗತಿ ನಡೆಯಿತು. ಹೊರಡುವ ಮುಂಚೆ ಅವಳು ಕೈಯನ್ನು ಪರಾತದಿಂದ ತೆಗೆದು ಹೊಟ್ಟೆಯ ಮೇಲೆ ಇಟ್ಟಳು. ಬಳೆಗಳು ಹೊಟ್ಟೆಗೆ ತಾಗಿ ಝಣಕ್ ಎಂದವು. ನನ್ನ ತೆರೆಯ ಮೇಲೆ ಮಗು ಅಚ್ಚ ನೀಲಿಯಲ್ಲಿ, ಬಳ್ಳಿಯನ್ನು ಬಿಟ್ಟು, ಕೈ ಬಿಡಿಸಿ, ಸದ್ದು ಬಂದ ಕಡೆಗೆ ಚಾಚಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಇನ್ನೊಮ್ಮೆ ಅಲ್ಲಾಡಸ್ರಿ!"

ಝಣಕ್. ಮತ್ತೆ ಆ ಕೈ ಬಂತು. ಅವಳು ಬಳೆಗಳನ್ನು ಎಡಕ್ಕೆ ಒಯ್ದಳು, ಕೈ ಎಡಕ್ಕೆ ಬಂತು. ಬಲಕ್ಕೆ ಒಯ್ದಳು, ಬಲಕ್ಕೆ ಹೊರಳಿತು. ಇಷ್ಟು ವರ್ಷ ನನ್ನ ಯಂತ್ರದಲ್ಲಿ ತಾಯಿ ಮಗುವನ್ನು ಮುಟ್ಟುತ್ತಿದ್ದಳು, ಮಗುವಿಗೆ ಅವಳ ಸುದ್ದಿಯೇ ಇರಲಿಲ್ಲ. ಈಗ ಬಳೆಗಾರನ ಗಾಜು ಆ ಕಡೆಯ ಬಾಗಿಲನ್ನೂ ತೆರೆದಿತ್ತು. ಕತ್ತಲೆಯ ನೀರಿನಲ್ಲಿ ತೇಲುವ ಒಂದು ಜೀವ, ಯಾರೆಂದು ಗೊತ್ತಿಲ್ಲದವರ ಕಡೆಗೆ ಕೈ ಚಾಚುತ್ತದೆ. ನನಗೆ ಕಣ್ಣೀರು ಬಂತು, ತಡೆಯಲು ಹೋಗಲಿಲ್ಲ.

ಆಮೇಲೆ ದಾನಮ್ಮ ವಾರ ತಪ್ಪದೆ ಬಂದಳು. ಎಂಟನೆಯ ತಿಂಗಳು ಹತ್ತಿರವಾದಂತೆ ವಾರಕ್ಕೆ ಎರಡು ಸಲವೂ ಬಂದಳು. ಪ್ರತಿ ಸಲವೂ ಬೆರಳು ಇಡುತ್ತಿದ್ದಳು, ಮಗು ಹಿಡಿಯುತ್ತಿತ್ತು, ನಗುತ್ತ ಇಳಿದು ಹೋಗುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಅವಳು ಹೇಳದೇ ಕೇಳದೇ ಬಂದಳು. ಮಾತು ಕಡಿಮೆ. ಅತ್ತೆಯನ್ನು ಒಳಗೆ ಸರಿಯಲು ಹೇಳಲಿಲ್ಲ. ತಾನೇ ಹೋಗಿ ಮಲಗಿ, ಪಟ್ಟಿ ಸುತ್ತಿಕೊಂಡು ಬೆರಳು ಚಾಚಿದಳು. ಹಿಡಿತ ಸಿಕ್ಕ ಕೂಡಲೇ ದೊಡ್ಡದಾಗಿ ಉಸಿರು ಬಿಟ್ಟಳು.

"ಐತಿ ನೋಡ್ರಿ ಅತ್ತಿ, ಹಿಡಕೊಂಡೈತಿ. ಸುಮ್ಮನ ಹೆದರಿದ್ವಿ."

"ಯಾಕ ಹೆದರಿದ್ರಿ?" ಎಂದು ಗೂಡಿನಿಂದಲೇ ಕೇಳಿದೆ.

"ನಿನ್ನೆಯಿಂದ ಕೂಸು ಆಡವಲ್ದಂತರೀ," ಎಂದರು ಶಿವಗಂಗವ್ವ. "ದವಾಖಾನಿಗೆ ಹೋಗೂಣು ಅಂದ್ನಿ. ಮೊದಲ ಇಲ್ಲಿ ಕೈ ಹಿಡದು ನೋಡತೀನಿ ಅಂದ್ಳು."

ನಾನು ತೆರೆಯನ್ನು ನೋಡಿದೆ. ಅಷ್ಟು ಹೊತ್ತು ಅವಳ ಮುಖ ನೋಡುತ್ತಿದ್ದೆನಲ್ಲ, ಈಗ ತೆರೆ ನೋಡಿದೆ. ದಾನಮ್ಮ ಹಿಡಿದಿದ್ದ ಕೈ ಪೂರ್ತಿ ಹಳದಿಯಾಗಿತ್ತು.

ಏನಾಗಿದೆ ಎಂದು ತಿಳಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಮಗು ಅಲುಗಾಡುತ್ತಿಲ್ಲ. ಯಂತ್ರಕ್ಕೆ ಅದು ಅರ್ಥವಾಗಿಲ್ಲ. ಬಳೆಗಳ ಗದ್ದಲದಲ್ಲಿ ದನಿ ತಪ್ಪಿಹೋಗಿದೆ ಎಂದು ಎಣಿಸಿ, ಹೋದ ವಾರ ಈ ಮಗು ಹೇಗೆ ಹಿಡಿದಿತ್ತೋ ಅದನ್ನೇ ನೆನಪಿನಿಂದ ತೆಗೆದು ಅವಳ ಬೆರಳಿಗೆ ಸುತ್ತಿದೆ. ಏರಿಸಿಟ್ಟ ಊಹೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಅವಳು ನಗುತ್ತಿದ್ದಾಳೆ.

ಊಹೆಯನ್ನು ನಿಲ್ಲಿಸಲು ಒಂದು ಗುಂಡಿ ಒತ್ತಿದರಾಯಿತು. ಆ ಗುಂಡಿಯ ಮೇಲೆ ಬೆರಳಿಟ್ಟು ನಾನು ಆ ನಗುವನ್ನು ನೋಡಿದೆ. ಹಿಂದೆ ಒಂದು ಮಗುವಿನ ಕೈ ಹಿಡಿಯಲಾಗದವಳ ಕೈಯಿಂದ ಈಗ ಇನ್ನೊಂದನ್ನು ಕಸಿಯಬೇಕು. ಒತ್ತಿದೆ.

ದಾನಮ್ಮನ ಬೆರಳು ಗಾಳಿಯನ್ನು ತಡಕಾಡಿತು. "ಎಲ್ಲಿ ಹೋತು? ಮೇಡಂ, ಎಲ್ಲಿ ಹೋತ್ರಿ?"

ಓಡಿ ಒಳಗೆ ಹೋದೆ. "ದಾನಮ್ಮ, ನೀವು ಹಿಡಕೊಂಡಿದ್ದು ಹೋದ ವಾರದ ಕೈರಿ. ಮಷಿನ್ನು ನೆನಪಿಟ್ಟಕೊಂಡಿದ್ದು. ಇವತ್ತಿಂದಲ್ಲ." ಹೇಳಿದ ಮೇಲೆ ಆ ಮಾತು ಎಷ್ಟು ಭಯಂಕರ ಎಂದು ನನಗೇ ಕೇಳಿಸಿತು. ಪರಾತವನ್ನು ಆರಿಸಿ, ಗೂಡಿನ ತೆರೆಯನ್ನು ತಳ್ಳಿಕೊಂಡು ಬಂದು ಅವಳ ಕಡೆಗೆ ತಿರುಗಿಸಿದೆ. "ಇಲ್ಲಿ ನೋಡ್ರಿ. ನೀಲಿ ಏನೈತಿ ಅದು ಖರೇ. ಬಳೀ ಅಲ್ಲಾಡಸ್ರಿ."

ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟು ಅಲುಗಿಸಿದಳು. ಝಣಕ್. ನೀಲಿಯ ಪುಟ್ಟ ಮುಷ್ಟಿ ಎದೆಗೆ ಅಂಟಿಕೊಂಡು ಸುಮ್ಮನಿತ್ತು. ಇನ್ನೊಮ್ಮೆ. ಇಲ್ಲ. ಶಿವಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದಾನಮ್ಮ ಮೂರನೆಯ ಸಲ ಅಲುಗಿಸುತ್ತ, "ನಾ ಇಲ್ಲೇ ಅದೀನೋ, ನಿಮ್ಮವ್ವ ಅದೀನೋ," ಎಂದಳು.

ಒಂದೇ ಒಂದು ಬೆರಳು ಬಿಚ್ಚಿಕೊಂಡಿತು. ತುಂಬ ನಿಧಾನವಾಗಿ, ಬಳೆಗಳ ಕಡೆಗೆ. ಆಮೇಲೆ ಮತ್ತೆ ಮಡಚಿಕೊಂಡಿತು.

ನಾನು ಎಷ್ಟೋ ಮರುದನಿಗಳನ್ನು ಕೇಳಿದ್ದೇನೆ. ಇಷ್ಟು ಕ್ಷೀಣವಾದ, ಇಷ್ಟು ಸ್ಪಷ್ಟವಾದ ಉತ್ತರವನ್ನು ಕಂಡಿರಲಿಲ್ಲ. ಶಕ್ತಿ ಇಲ್ಲದಿದ್ದರೂ ಕರೆದರೆ ಬರುತ್ತೇನೆ ಎನ್ನುತ್ತಿತ್ತು ಅದು.

"ಜೀವ ಐತಿ," ಎಂದಳು ದಾನಮ್ಮ, ಆಗಲೇ ಪಟ್ಟಿ ಕಿತ್ತು ಕೆಳಗಿಳಿಯುತ್ತ. "ನಡೀರಿ."

ರಸ್ತೆಯಲ್ಲಿ ಒಂದೂ ಆಟೋ ಇರಲಿಲ್ಲ. ತುಂಬಿದ ಸಿಟಿ ಬಸ್ಸೊಂದು ನಿಲ್ದಾಣವಿಲ್ಲದ ಆ ಜಾಗವನ್ನು ದಾಟಿ ಹೋಗುತ್ತಿತ್ತು. ದಾನಮ್ಮ ಬ್ಯಾಗಿನಿಂದ ತನ್ನ ಡ್ಯೂಟಿಯ ಸೀಟಿ ತೆಗೆದು ಊದಿದಳು. ಆ ಸೀಟಿಗೆ ಡ್ರೈವರನ ಕಾಲು ತಾನಾಗಿಯೇ ಬ್ರೇಕ್ ಒತ್ತಿರಬೇಕು. ಬಾಗಿಲಲ್ಲಿದ್ದ ಕಂಡಕ್ಟರ್ ಅವಳ ಗುರುತು ಹಿಡಿದ. "ಏ ದಾನಕ್ಕ! ಏನಾತು?"

"ದವಾಖಾನಿಗೆ ಹೊಡೀರಿ. ಎಲ್ಲೂ ನಿಂದರಸಬ್ಯಾಡ್ರಿ."

ಬಸ್ಸಿನವರು ಎದ್ದು ಜಾಗ ಬಿಟ್ಟರು. ತಮ್ಮ ಸ್ಟಾಪು ದಾಟಿ ಹೋಗುತ್ತಿದ್ದರೂ ಯಾರೂ ಬಾಯಿ ಬಿಡಲಿಲ್ಲ. ದಾರಿಯುದ್ದಕ್ಕೂ ದಾನಮ್ಮ ಹೊಟ್ಟೆಯ ಮೇಲೆ ಬಳೆ ಅಲುಗಿಸುತ್ತಲೇ ಇದ್ದಳು, ಬಸ್ಸಿನ ತುಂಬ ಆ ಸದ್ದೊಂದೇ.

ಆಸ್ಪತ್ರೆಯಲ್ಲಿ ಡಾಕ್ಟರ್ ತಹಸೀನ್ ಬಾನು ಯಂತ್ರ ಹಚ್ಚಿ ಮಗುವಿನ ಎದೆಬಡಿತ ಕೇಳಿದರು. ಬಡಿತ ಏರುವುದು ಬಿಟ್ಟು ಜಾರುತ್ತಿತ್ತು. ಕೂಡಲೇ ಆಪರೇಶನ್ನಿಗೆ ತಯಾರಿ ಮಾಡಲು ಹೇಳಿ, ಸಹಿ ಪಡೆಯುತ್ತಲೇ ಬೈದರು. "ನಿನ್ನೆಯಿಂದ ಆಡ್ತಿಲ್ಲ ಅಂತ ಗೊತ್ತಿತ್ತು. ಸೀದಾ ಇಲ್ಲಿಗೆ ಬರೋದು ಬಿಟ್ಟು ಅಲ್ಯಾಕ ಹೋದಿ?"

ದಾನಮ್ಮ ಸ್ಟ್ರೆಚರಿನ ಮೇಲೆ ಮಲಗಿ ಹೇಳಿದಳು. "ಇಲ್ಲಿ ಬಂದ್ರ ನೀವು ಇಲ್ಲ ಅಂದಬಿಟ್ರ ಅಂತ ಅಂಜಿಕಿ ಬಂತ್ರಿ. ಅಲ್ಲಿ ಹೋದ್ರ ಅದು ಕೈ ಕೊಡತೈತಿ."

ತಹಸೀನ್ ಬಾನು ಅವಳ ಹಣೆ ಸವರಿ ಸ್ಟ್ರೆಚರನ್ನು ಒಳಗೆ ತಳ್ಳಿಸಿದರು. ನಾನು ಗೋಡೆಗೆ ಒರಗಿದೆ. ಯಾಕೆ ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದು. ಅವರು ಹೊತ್ತಿಗಾಗಿ ಬರುತ್ತಿದ್ದರು ಎಂದು ತಿಳಿದಿದ್ದೆ. ಅವರು 'ಇದೆ' ಎಂಬ ಮಾತಿಗಾಗಿ ಬರುತ್ತಿದ್ದರು. ಮತ್ತು ನಾನು 'ಇಲ್ಲ' ಎಂದು ಹೇಳಲು ಬಾರದ ಯಂತ್ರವನ್ನು ಮಾಡಿ ಕೂರಿಸಿದ್ದೆ.

ಕಾರಿಡಾರಿನ ಬೆಂಚಿನ ಮೇಲೆ ಶಿವಗಂಗವ್ವ ನನ್ನ ಕೈ ಹಿಡಿದು ಕೂತರು. ಕುಬಸದಲ್ಲಿ ಅವರೇ ಹಾಕಿಸಿದ ಎರಡು ಬಳೆ ಇನ್ನೂ ನನ್ನ ಕೈಯಲ್ಲಿದ್ದವು. ಅವರು ಅವನ್ನೇ ತಿರುಗಿಸುತ್ತಿದ್ದರು. ಬಾಗಿಲು ತೆರೆದು ನರ್ಸ್ ಹೊರಗೆ ಬಂದಾಗ ಇಬ್ಬರೂ ಎದ್ದು ನಿಂತೆವು.

"ಅತ್ತೈತಿ," ಎಂದಳು ನರ್ಸ್. "ಸಣ್ಣದೈತಿ, ಆದ್ರ ಜೋರ ಅತ್ತೈತಿ. ತಾಯೀನೂ ಆರಾಮ ಅದಾಳ."

"ಅತ್ತೈತಿ?" ಶಿವಗಂಗವ್ವ ಮತ್ತೆ ಮತ್ತೆ ಕೇಳಿದರು. "ಅತ್ತೈತಂತ ಅಕ್ಕಾರ! ಕೇಳಿದ್ರೇನು? ಅತ್ತೈತಂತ!" ಗಂಡೋ ಹೆಣ್ಣೋ ಎಂದು ಅವರು ಕೇಳಲೇ ಇಲ್ಲ. ನರ್ಸ್ ಒಳಗೆ ಹೋದ ಮೇಲೆಯೂ ಅವರಿಗೆ ಅದು ನೆನಪಾಗಲಿಲ್ಲ.

ಮರುದಿನ ನಾನು ಯಂತ್ರದಿಂದ ಊಹೆಯನ್ನು ಕಿತ್ತುಹಾಕಿದೆ. ಈಗ ಪರಾತದ ಮೇಲೆ ಕೈ ಹರಿದು ಹರಿದು ಬರುತ್ತದೆ. ಒಮ್ಮೊಮ್ಮೆ ಎರಡೇ ಬೆರಳು, ಒಮ್ಮೊಮ್ಮೆ ಬರೀ ಹಣೆ. ಇದೇನು ಮೊದಲಿನಷ್ಟು ಚಂದ ಬರುವುದಿಲ್ಲ ಎಂದು ಮುಖ ಸಿಂಡರಿಸಿ ಹೋಗುವವರಿದ್ದಾರೆ. ಸಣ್ಣ ಬೋರ್ಡನ್ನು ದೊಡ್ಡದಕ್ಕಿಂತ ದೊಡ್ಡದು ಮಾಡಿಸಿದ್ದೇನೆ. ಮಗು ಆಡುವುದು ಕಡಿಮೆಯಾಗಿದೆ ಎಂದವರನ್ನು ಮಂಚ ಹತ್ತಿಸುವುದಿಲ್ಲ, ಆಸ್ಪತ್ರೆಗೆ ಜೊತೆಗೇ ಹೋಗುತ್ತೇನೆ. ತೆರೆಯಂತೂ ಈಗ ಯಾವಾಗಲೂ ತಾಯಿಯ ಕಡೆಗೇ ಮುಖ ಮಾಡಿರುತ್ತದೆ.

ಕೆಲ ದಿನ ಕಳೆದು ದಾನಮ್ಮನನ್ನು ನೋಡಲು ವಾರ್ಡಿಗೆ ಹೋದೆ. ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೆರಗಿನೊಳಗೆ, ಎದೆಗೆ ಹಚ್ಚಿಕೊಂಡ ಕೆಂಪು ಕೆಂಪು ಜೀವ. ಹೆಣ್ಣು ಮಗು. ಆಪರೇಶನ್ನಿಗೆಂದು ಬಳೆಗಳನ್ನು ತೆಗೆಸಿದ್ದರಂತೆ. ಮಗು ಕೈಗೆ ಬಂದ ಮೇಲೆ ಒಂದಷ್ಟನ್ನು ತಾನೇ ಮತ್ತೆ ಏರಿಸಿಕೊಂಡಿದ್ದಳು.

"ಬಳೀ ಸಪ್ಪಳ ಕೇಳಿದ್ರ ಸುಮ್ಮನಾಗತೈತ್ರಿ," ಎಂದು ಕೈ ಅಲುಗಿಸಿ ತೋರಿಸಿದಳು. ಸೆರಗಿನಿಂದ ಒಂದು ಕೈ ಹೊರಬಂದು ಗಾಳಿಯಲ್ಲಿ ತಡಕಾಡಿತು. ಆ ಐದು ಬೆರಳುಗಳನ್ನು ನಾನು ನೀಲಿಯಲ್ಲಿ ನೋಡಿದ್ದೆ, ಹಳದಿಯಲ್ಲಿ ನೋಡಿದ್ದೆ. ಅವಕ್ಕೆ ಇಂಥ ಬಣ್ಣವಿರುತ್ತದೆ, ಉಗುರಿನ ತುದಿ ಇಷ್ಟು ತೆಳ್ಳಗಿರುತ್ತದೆ ಎಂದು ನನ್ನ ಯಂತ್ರ ಒಂದು ದಿನವೂ ಹೇಳಿರಲಿಲ್ಲ.

"ನಿಮ್ಮ ಮಷಿನ್ನಾಗ ತಣ್ಣಗಿತ್ರಿ ಮೇಡಂ," ಎಂದಳು ದಾನಮ್ಮ. "ಈಗ ಬೆಚ್ಚಗೈತಿ ನೋಡ್ರಿ. ನೀವೂ ಹಿಡೀರಿ."

"ನಾನ್ಯಾಕ? ಬ್ಯಾಡ್ರಿ..."

"ಹಿಡೀರಿ ಅಂದ್ರ."

ಬಸ್ಸಿನ ಕಂಡಕ್ಟರ್ ಹೇಳಿದ ಮೇಲೆ ಕೇಳಲೇಬೇಕು. ತೋರುಬೆರಳನ್ನು ಮುಂದೆ ತಂದೆ. ಅಷ್ಟು ಮಕ್ಕಳನ್ನು ಗಾಳಿಯಲ್ಲಿ ನಿಲ್ಲಿಸಿದವಳು ನಾನು, ಒಬ್ಬರನ್ನೂ ಮುಟ್ಟಿದವಳಲ್ಲ. ನನ್ನ ಬಳೆಗಳು ಸಣ್ಣಗೆ ತಾಗಿ ಸದ್ದಾದವು. ಪುಟ್ಟ ಕೈ ಆ ಕಡೆ ತಿರುಗಿತು, ಹುಡುಕಿತು, ನನ್ನ ಬೆರಳನ್ನು ಸುತ್ತಿ ಹಿಡಿಯಿತು.

"ಬಿಡವಲ್ದ್ರಿ," ಎಂದೆ.

ದಾನಮ್ಮ ನಕ್ಕಳು. ಆಸ್ಪತ್ರೆಯಲ್ಲಿ ನೋಡುವ ಹೊತ್ತು ಮುಗಿದು ನರ್ಸ್ ಬಂದು ಕರೆಯುವ ತನಕ ಆ ಮಗು ನನ್ನ ಬೆರಳು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.